ಜೋಡಿ ಡಿಸ್ಕಿನಲ್ಲಿ ಹಳೇ ಬಾಗಲಕೋಟೆ

ನವನಗರ, ಬಾಗಲಕೋಟೆ
12 ಜುಲೈ 2025, ಶನಿವಾರ

ಕಾಕಾನ ಸ್ಟುಡಿಯೋದ ಕಂಪ್ಯೂಟರ್ ಮೊನ್ನೆಯಿಂದ ಚಾಲೂ ಆಗುತ್ತಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಮೇಲೆ ಏನೂ ಬರುವುದಿಲ್ಲ. ಮದರ್‌ಬೋರ್ಡ್ ಹೋಗಿದೆ. ಬೋರ್ಡ್ ಬೇರೆ ಸಿಗುತ್ತದೆ ಬಿಡಿ, ಚಿಂತೆ ಇರುವುದು ಒಳಗಿನ ಎರಡು ಹಾರ್ಡ್ ಡಿಸ್ಕಿನದು. ಆಲಮಟ್ಟಿ ಹಿನ್ನೀರು ಬರುವ ಮುಂಚೆ ಕಾಕಾ ಹಳೇ ಊರಿನ ಓಣಿ ಓಣಿ ತಿರುಗಿ ಫೋಟೋ ತೆಗೆದಿದ್ದರು. ಅವುಗಳ ಸ್ಕ್ಯಾನ್ ಎಲ್ಲ ಅದರಲ್ಲೇ ಇವೆ. ನೆಗೆಟಿವ್‌ಗಳಿಗೆ ಬೂಸ್ಟು ಹಿಡಿದು ಬಹಳಷ್ಟು ಹಾಳಾಗಿವೆ.

"ಎರಡೂ ಡಿಸ್ಕಿನ್ಯಾಗ ಒಂದೇ ಅದ ಅಲ್ಲೇನು? ಮತ್ಯಾಕ ಅಂಜಬೇಕು?" ಅಂದರು ಕಾಕಾ.

ಒಂದೇ ಇದೆ, ಅದು ನಿಜ. ರೇಡ್ 1, ಅಂದರೆ ಎರಡು ಡಿಸ್ಕನ್ನು ಕನ್ನಡಿ (ಮಿರರ್) ಹಾಗೆ ಜೋಡಿ ಮಾಡುವುದು, ಅಂದರೆ ಅದೇ. ಬರೆದದ್ದೆಲ್ಲ ಎರಡರಲ್ಲೂ ಬೀಳುತ್ತದೆ. ಆದರೆ ಅಳಿಸಿದ್ದೂ ಎರಡರಿಂದಲೂ ಹೋಗುತ್ತದೆ. ಹೋದ ವರ್ಷ ಒಂದು ಮದುವೆ ಫೋಲ್ಡರ್ ಹಾಗೇ ಹೋಯಿತು, ಇನ್ನೊಂದು ಡಿಸ್ಕಿನಲ್ಲಿ ಹುಡುಕಿದರೂ ಸಿಗಲಿಲ್ಲ. ವೈರಸ್ ಬಂದರೂ ಅಷ್ಟೇ. ಮೇಲಾಗಿ ಎರಡನ್ನೂ ಒಂದೇ ದಿನ ತಂದದ್ದು, ಒಂದೇ ಡಬ್ಬಿಯಲ್ಲಿ ಒಂದೇ ಪವರ್ ಸಪ್ಲೈ ಮೇಲೆ ಓಡಿದ್ದು. ಸವೆದರೆ ಎರಡೂ ಕೂಡಿಯೇ ಸವೆಯುತ್ತವೆ, ಅಲ್ವಾ?

ಬಿಚ್ಚುವ ಮುಂಚೆ ಯಾವ ಡಿಸ್ಕ್ ಯಾವ ಪೋರ್ಟಿಗಿತ್ತು ಅಂತ ಮಾರ್ಕರ್‌ನಿಂದ ಬರೆದುಕೊಂಡೆ. ಎರಡನ್ನೂ ಒಟ್ಟಿಗೆ ಹಚ್ಚಲಿಲ್ಲ. ಒಂದೊಂದನ್ನೇ ನಮ್ಮ ಮನೆ ಡೆಸ್ಕ್‌ಟಾಪ್‌ಗೆ ನೇರ ಸಾಟಾ ಕೇಬಲ್‌ನಿಂದ (ಕಂಪ್ಯೂಟರ್ ಒಳಗೆ ಡಿಸ್ಕ್ ಜೋಡಿಸುವ ಕೇಬಲ್) ಜೋಡಿಸಿದೆ, ಯುಎಸ್‌ಬಿಯಿಂದ ಅಲ್ಲ. ಕೆಲವು ಯುಎಸ್‌ಬಿ ಡಬ್ಬಿಗಳು ಸೆಕ್ಟರ್ (ಡಿಸ್ಕಿನ ಸಣ್ಣ ಸಣ್ಣ ತುಂಡು) ಲೆಕ್ಕವನ್ನೇ ಬೇರೆ ತೋರಿಸುತ್ತವೆ, ಆಗ ಇದ್ದ ಪಾರ್ಟಿಷನ್ನೂ (ಡಿಸ್ಕಿನ ಭಾಗ) ಕಾಣುವುದಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸುವ ವ್ಯವಸ್ಥೆ) ಎಬ್ಬಿಸಿ ಮೊದಲು ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ವರದಿ, ನೋಡಿದೆ. ಒಂದರಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ತೊಂದರೆ ಕೊಡುತ್ತಿರುವವು) 8, ಇನ್ನೊಂದರಲ್ಲಿ ಸೊನ್ನೆ. ಸೊನ್ನೆ ಇದ್ದದ್ದನ್ನು ಕೆಲಸಕ್ಕೆ ತೆಗೆದುಕೊಂಡು, ಮತ್ತೊಂದನ್ನು ಆ್ಯಂಟಿ ಸ್ಟ್ಯಾಟಿಕ್ ಚೀಲದಲ್ಲಿ ಹಾಕಿ ಕಪಾಟಿಗೆ ಇಟ್ಟೆ.

ವಿಂಡೋಸ್‌ಗೆ ಹಚ್ಚಿದರೂ ಬಹುಶಃ ಓಪನ್ ಆಗುತ್ತಿತ್ತು. ಹಳೇ ಬೋರ್ಡಿನಲ್ಲಿದ್ದ ಇಂಟೆಲ್ ರೇಡ್ ಜೋಡಿಯ ಗುರುತನ್ನು ಡಿಸ್ಕಿನ ಕೊನೆಗೆ ಬರೆಯುತ್ತದೆ, ಡೇಟಾ ಮೊದಲಿನಿಂದಲೇ ಇರುತ್ತದೆ. ಆದರೆ ವಿಂಡೋಸ್ ಸುಮ್ನೆ ಇರುವುದಿಲ್ಲ, ಏನಾದರೂ ಬರೆದೇ ಬರೆಯುತ್ತದೆ. ಆಮೇಲೆ ಎರಡು ಡಿಸ್ಕ್‌ಗಳಿಗೆ ತಾಳೆ ತಪ್ಪುತ್ತದೆ. ಇನಿಶಿಯಲೈಸ್ ಮಾಡಲಾ, ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಯಾರೂ ಓಕೆ ಒತ್ತಬೇಡಿ, ದಯವಿಟ್ಟು. ಹೊಸ ಬೋರ್ಡಿನ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಹೊಸದಾಗಿ ರೇಡ್ ಕ್ರಿಯೇಟ್ ಮಾಡುವುದೂ ಬೇಡ, ಇದ್ದದ್ದೆಲ್ಲ ಅಳಿಯುತ್ತದೆ. ಲಿನಕ್ಸ್‌ನ ರೇಡ್ ಸಾಫ್ಟ್‌ವೇರ್ ಇಂಟೆಲ್ ಗುರುತನ್ನು ಓದಬಲ್ಲದು. ಜೋಡಿಯಲ್ಲಿ ಒಂದೇ ಇದ್ದರೂ ಅದು ಒಪ್ಪಿಕೊಂಡಿತು. ಓದಲು ಮಾತ್ರ ಅನ್ನುವ ಹಾಗೆ ಮೌಂಟ್ ಮಾಡಿದೆ, ಅಂದರೆ ಡಿಸ್ಕ್ ತೆರೆದೆ.

ಮೊದಲು ತೆರೆದದ್ದು ಒಂದು ಕಟ್ಟೆಯ ಫೋಟೋ. ಇಳಕಲ್ ಸೀರೆ ಉಟ್ಟ ಅಜ್ಜಿ ಕೂತಿದ್ದಾರೆ. ತೋಪು ತೆನಿ ಸೆರಗಿನ ಒಂದೊಂದು ಹಲ್ಲೂ ಎಣಿಸಬಹುದು, ಅಷ್ಟು ಸ್ಪಷ್ಟ. ಹಿಂದಿನ ಬಾಗಿಲ ಚೌಕಟ್ಟಿನ ಒಂದು ಮೂಲೆಯಲ್ಲಿ ಹೋಳಿ ಬಣ್ಣ ಹಾಗೇ ಉಳಿದಿದೆ. ಆ ಮನೆ ಈಗ ಇಲ್ಲ, ಓಣಿಯೂ ಇಲ್ಲ. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆ ಓಣಿಯಲ್ಲಿ ಯಾರ್‍ಯಾರ ಮನೆ ಇತ್ತು ಅಂತ ಹೇಳುತ್ತಾ ಹೋದರು. ನಾನು ಅದನ್ನೂ ಬರೆದುಕೊಂಡೆ. ಫೈಲಿನ ಹೆಸರಲ್ಲಿ ಬರೀ ನಂಬರ್ ಇದೆ, ಈ ಹೆಸರುಗಳು ಕಾಕಾನ ತಲೆಯಲ್ಲಿ ಮಾತ್ರ ಇವೆ. ಅದನ್ನೂ ಬ್ಯಾಕಪ್ ಮಾಡಬೇಕಲ್ಲ.

ಈಗ ಹೊಸ ಡಿಸ್ಕಿಗೆ ಕಾಪಿ ಮಾಡಲು ಆರ್‌ಸಿಂಕ್ ಅನ್ನುವ ಪ್ರೋಗ್ರಾಂ ಓಡುತ್ತಿದೆ. ಸೆಕೆಂಡಿಗೆ 100 ಎಂಬಿ ಸಿಕ್ಕರೂ 1 ಟಿಬಿಗೆ ಎರಡೂಮುಕ್ಕಾಲು ತಾಸು ಬೇಕು. ಸಣ್ಣ ಫೈಲ್ ಜಾಸ್ತಿ ಇದ್ದರೆ ಇನ್ನೂ ನಿಧಾನ. ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿದೆ, ಯುಪಿಎಸ್ ಇದೆ. ಆ ಹೊಸ ಡಿಸ್ಕನ್ನು ಎಕ್ಸ್‌ಫ್ಯಾಟ್ ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದೇನೆ. ಹಳೇ ಮಾದರಿ ಫ್ಯಾಟ್32 ಇದ್ದರೆ 4 ಜಿಬಿ ದಾಟಿದ ಮದುವೆ ವಿಡಿಯೋ ಕಾಪಿಯೇ ಆಗುವುದಿಲ್ಲ.

ಹೊಸ ಬೋರ್ಡ್ ಬಂದ ಮೇಲೂ ಮಿರರ್ ಇರಲಿ ಅನ್ನುತ್ತಾರೆ ಕಾಕಾ. ನನ್ನದೂ ಅದೇ ಮಾತು. ಲಗ್ನದ ಸೀಜನ್‌ನಲ್ಲಿ ಒಂದು ಡಿಸ್ಕ್ ಕೈಕೊಟ್ಟರೂ ಸ್ಟುಡಿಯೋ ನಿಲ್ಲಬಾರದು, ಅದಕ್ಕೆ ಮಿರರ್ ಬೇಕು. ಬ್ಯಾಕಪ್ ಬೇರೆಯೇ. ಕಾಪಿ ಮುಗಿದ ಮೇಲೆ ಚೆಕ್‌ಸಮ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತಾಳೆ ನೋಡಿ, ಬೇರೊಂದು ಡಿಸ್ಕಿಗೂ ಹಾಕುತ್ತೇನೆ. ಅದು ಬೆಳಗಾವಿಯಲ್ಲಿ ತಂಗಿಯ ಮನೆಯಲ್ಲಿರಲಿ ಅಂತ ಮಾತಾಗಿದೆ. ಸೋಮವಾರ ಕಾಕಾ ಹೇಗೂ ಆ ಕಡೆ ಹೊರಟಿದ್ದಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.