ಯಾರ ಹೆಸರಲ್ಲಿ ಓಡಬೇಕು ಈ ಬ್ಯಾಕಪ್ಪು?

ಹಲವು ಕಂಪ್ಯೂಟರುಗಳ ಫೈಲುಗಳನ್ನು ಟೇಪಿಗೆ ತುಂಬಿಡುವ ಆಮಂಡಾ ಎಂಬ ಬ್ಯಾಕಪ್ ಸಾಫ್ಟ್‌ವೇರನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಲು, ಅಂದರೆ ಮೂಲ ಕೋಡಿನಿಂದ ನಾವೇ ಕಟ್ಟಿಕೊಳ್ಳಲು, ಹೊರಟರೆ ಅದು ಎರಡು ವಿಷಯ ಖಡಾಖಂಡಿತವಾಗಿ ಕೇಳುತ್ತದೆ. ನಾನು ಯಾವ ಯೂಸರ್ ಹೆಸರಲ್ಲಿ ಓಡಬೇಕು? ಆ ಯೂಸರ್ ಯಾವ ಗ್ರೂಪಿಗೆ ಸೇರಿದವನು? ಬೇರೆ ಎಷ್ಟೋ ಆಪ್ಷನ್‌ಗಳಿಗೆ ಅದೇ ಏನೋ ಒಂದು ಡೀಫಾಲ್ಟ್ ಹಾಕಿಕೊಂಡು ಮುಂದೆ ಹೋಗುತ್ತದೆ. ಇವೆರಡನ್ನು ಹೇಳದಿದ್ದರೆ ಮಾತ್ರ ಬಿಲ್ಡಿಗೆ ಮುಂಚಿನ ಕಾನ್ಫಿಗರ್ ಎಂಬ ಹೆಜ್ಜೆ ಅಲ್ಲೇ ನಿಂತುಬಿಡುತ್ತದೆ. ಮುಂಬೈ ಅಂಧೇರಿಯ ನಮ್ಮ ಆಫೀಸಿನಲ್ಲಿ ಒಂದು ಶನಿವಾರ ಇಡೀ ಈ ಆಪ್ಷನ್‌ಗಳ ಹಿಂದೆಯೇ ಹೋಯಿತು. ಕೀಬೋರ್ಡ್ ಮುಂದೆ ಕೂತದ್ದು ಕಡಿಮೆ. ಅವರಿವರ ಮೇಜಿನ ಹತ್ತಿರ ಹೋಗಿ ಮಾತಾಡಿದ್ದೇ ಜಾಸ್ತಿ.

ನಮ್ಮದು ಕಟ್ಟಡಗಳ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುವ ಸಣ್ಣ ಕನ್ಸಲ್ಟೆನ್ಸಿ. ಚಕಾಲಾ ಮೆಟ್ರೋ ಸ್ಟೇಷನ್ನಿನಿಂದ ನಡೆದು ಹೋಗುವ ದೂರ. ನಾನು ಡೊಂಬಿವಲಿಯಿಂದ ಘಾಟ್‌ಕೋಪರ್ ತನಕ ಲೋಕಲ್‌ನಲ್ಲಿ ಬಂದು, ಅಲ್ಲಿಂದ ಮೆಟ್ರೋ ಹಿಡಿಯುತ್ತೇನೆ. ಶನಿವಾರ ರಶ್ ಸ್ವಲ್ಪ ಕಡಿಮೆ, ಆಫೀಸಿನಲ್ಲೂ ಅರ್ಧ ಜನ ಇರುವುದಿಲ್ಲ. ಇಂಥ ಕೆಲಸಕ್ಕೆ ಅದೇ ಒಳ್ಳೆಯ ದಿನ.

ಕ್ಲೌಡ್ ಇರುವ ಕಾಲದಲ್ಲಿ ಟೇಪ್ ಯಾಕೆ ಅಂತ ಕೇಳಿದರೆ ನಮ್ಮ ಸಾಹೇಬರು 2005ರ ಕತೆ ಶುರು ಮಾಡುತ್ತಾರೆ. ಆ ವರ್ಷ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಆಗ ಅವರ ಆಫೀಸು ನೆಲಮಹಡಿಯಲ್ಲಿತ್ತು. ಸರ್ವರ್, ಅದರ ಬ್ಯಾಕಪ್ ಡಿಸ್ಕ್ ಎರಡೂ ಒಂದೇ ಕಪಾಟಿನಲ್ಲಿ. ಎರಡೂ ನೀರಿನಲ್ಲಿ. ಕ್ಲೌಡಿಗೆ ಅವರ ವಿರೋಧವೇನಿಲ್ಲ, ಅದೂ ಒಂದು ಕಡೆ ನಡೆಯುತ್ತಿದೆ. ಆದರೆ ಕೈಯಲ್ಲಿ ಹಿಡಿದು ಬೇರೆ ಊರಿನ ಮನೆಗೆ ಕೊಂಡೊಯ್ಯುವಂಥ ಒಂದು ಪ್ರತಿ ಬೇಕು ಎನ್ನುವುದು ಅವರ ಹಠ. ಈಗಿನ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್) ಕಾಟ ನೋಡಿದರೆ ಆ ಹಠ ಸರಿ ಅಂತಲೇ ನನಗೂ ಅನಿಸುತ್ತದೆ. ಕಪಾಟಿನಲ್ಲಿ ಬೀಗ ಹಾಕಿಟ್ಟ ಟೇಪಿಗೆ ನೆಟ್‌ವರ್ಕಿನಿಂದ ಯಾರೂ ಕೈ ಹಾಕಲಾರರು.

ಟೇಪ್ ಡ್ರೈವ್ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನದು. ಸೆಕೆಂಡ್ ಹ್ಯಾಂಡ್ ಎಲ್‌ಟಿಒ-4, ಅಂದರೆ ಎಲ್‌ಟಿಒ ಎಂಬ ಬಗೆಯ ಟೇಪಿನ ನಾಲ್ಕನೇ ತಲೆಮಾರು. ಒಂದು ಕಾರ್ಟ್ರಿಜ್‌ನಲ್ಲಿ 820 ಮೀಟರ್ ಟೇಪ್, ಕಂಪ್ರೆಷನ್ ಬಿಟ್ಟು 800 ಜಿಬಿ ಹಿಡಿಯುತ್ತದೆ. ಈ ಕಾಲಕ್ಕೆ ಹಳೆಯದೇ, ಆದರೆ ನಮ್ಮ ಡ್ರಾಯಿಂಗ್‌ಗಳಿಗೆ ಬೇಕಾದಷ್ಟಾಯಿತು. ಎಲ್‌ಟಿಒ-2ರ ಟೇಪನ್ನೂ ಅದು ಓದುತ್ತದೆ. ಸಾಹೇಬರ ಬಳಿ ಅಂಥ ಕೆಲವು ಹಳೆಯ ಕಾರ್ಟ್ರಿಜ್ ಬಿದ್ದಿವೆ, ಅದೂ ಒಂದು ಕಾರಣ.

ಆಮಂಡಾದ ಪೂರ್ತಿ ಹೆಸರು ಅಡ್ವಾನ್ಸ್ಡ್ ಮೇರಿಲ್ಯಾಂಡ್ ಆಟೋಮ್ಯಾಟಿಕ್ ನೆಟ್‌ವರ್ಕ್ ಡಿಸ್ಕ್ ಆರ್ಕೈವರ್. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಒಂದು ಟೇಪ್ ಸರ್ವರ್, ಅದಕ್ಕೆ ನೆಟ್‌ವರ್ಕಿನಲ್ಲಿ ಹಲವು ಕ್ಲೈಂಟ್‌ಗಳು. ರಾತ್ರಿ ಸರ್ವರ್ ಅವರನ್ನೆಲ್ಲ ಎಬ್ಬಿಸಿ ಡೇಟಾ ತರಿಸಿಕೊಂಡು ಟೇಪಿಗೆ ಬರೆಯುತ್ತದೆ. ರೆಡಿ ಪ್ಯಾಕೇಜ್ ಸಿಗುತ್ತದಲ್ಲ, ಬಿಲ್ಡ್ ಯಾಕೆ? ನಮ್ಮಲ್ಲಿ ಲಿನಕ್ಸಿನಲ್ಲೇ ಕೆಲವು ಮಷೀನ್ ಡೆಬಿಯನ್, ಕೆಲವು ಫೆಡೋರಾ ಬಳಗದವು. ಡೆಬಿಯನ್ ಪ್ಯಾಕೇಜು 'ಬ್ಯಾಕಪ್' ಎಂಬ ಯೂಸರ್ ಹೆಸರಲ್ಲಿ ಓಡುತ್ತದೆ. ಫೆಡೋರಾದ್ದು 'ಆಮಂಡಾಬ್ಯಾಕಪ್' ಹೆಸರಲ್ಲಿ. ಯಾವ ಯೂಸರ್‌ಗೆ ಯಾರ ಮನೆಯ ಬಾಗಿಲು ತೆರೆಯಬೇಕು ಅಂತ ಡಾಟ್-ಆಮಂಡಾಹೋಸ್ಟ್ಸ್ ಎಂಬ ಫೈಲಿನಲ್ಲಿ ಬರೆಯಬೇಕು. ಮಷೀನಿಗೊಂದು ಹೆಸರಿದ್ದರೆ ಅದನ್ನು ನೆನಪಿಟ್ಟುಕೊಳ್ಳುವವರು ಯಾರು? ಎಲ್ಲ ಕಡೆ ಒಂದೇ ಆಪ್ಷನ್ ಹಾಕಿ ನಾವೇ ಬಿಲ್ಡ್ ಮಾಡುವುದು ಅಂತ ತೀರ್ಮಾನವಾಯಿತು.

ಯೂಸರ್ ಹೆಸರಿನ ಚರ್ಚೆಯಲ್ಲಿ ನಾವು ಮೂವರು. ನಾನು, ವಿಜಯಪುರದಿಂದ ಬಂದು ಹೊಸದಾಗಿ ಸೇರಿದ ಹುಡುಗ, ಮತ್ತೆ ರಾಯರು. ರಾಯರು ಕುಂದಾಪುರದ ಕಡೆಯವರು. ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ರಿಟೈರ್ ಆಗಿ, ಈಗ ವಾರದಲ್ಲಿ ಕೆಲವು ದಿನ ನಮ್ಮಲ್ಲಿಗೆ ಬರುತ್ತಾರೆ. ಅರ್ಧ ಇಂಚು ಅಗಲದ ದೊಡ್ಡ ರೀಲ್ ಟೇಪ್‌ಗಳನ್ನು ಕೈಯಾರೆ ಹಾಕಿ ತೆಗೆದವರು. ಎಲ್‌ಟಿಒ ಟೇಪಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ ಎಂದು ತಿಳಿದು ಅವರಿಗೆ ವಿಪರೀತ ಖುಷಿ.

"ಸರ, ರೂಟ್ ಅಂತ ಹಾಕಿಬಿಡ್ರಲ್ಲ. ಎಲ್ಲಾ ಫೈಲ್ ಓದ್ತದ, ಜಗಳನ ಇಲ್ಲ" ಎಂದ ಹುಡುಗ. ರೂಟ್ ಅಂದರೆ ಲಿನಕ್ಸಿನಲ್ಲಿ ಎಲ್ಲ ಅಧಿಕಾರ ಇರುವ ಯೂಸರ್.

"ಎಲ್ಲ ಓದ್ತದೆ ಅಂತಲೇ ಬೇಡ ಮಾರಾಯ" ಎಂದರು ರಾಯರು. "ಅದು ನೆಟ್‌ವರ್ಕಿನಲ್ಲಿ ಕಿವಿ ತೆರೆದು ಕೂತಿರುವ ಪ್ರೋಗ್ರಾಂ ಅಲ್ವಾ? ಅದಕ್ಕೆ ಯಾರಾದರೂ ರೂಟ್ ಕೊಡ್ತಾರಾ?"

ಆಮಂಡಾದವರ ಲೆಕ್ಕಾಚಾರವೂ ಇದೇ. ಮುಖ್ಯ ಕೆಲಸವೆಲ್ಲ ಸಾಮಾನ್ಯ ಯೂಸರ್ ಹೆಸರಲ್ಲಿ. ರೂಟ್ ಅಧಿಕಾರ ಬೇಕೇ ಬೇಕಾದ ರನ್‌ಟಾರ್‌ನಂಥ ಕೆಲವು ಸಣ್ಣ ಪ್ರೋಗ್ರಾಂಗಳಿಗೆ ಮಾತ್ರ, ಯಾರು ಓಡಿಸಿದರೂ ರೂಟ್ ಆಗಿಯೇ ಓಡುವ ಗುರುತಾದ ಸೆಟ್‌ಯೂಐಡಿ. ಯೂಸರ್ 'ಆಮಂಡಾಬ್ಯಾಕಪ್' ಎಂದು ಇಟ್ಟೆವು. ಗ್ರೂಪಿನದ್ದು ಇನ್ನೊಂದು ಕತೆ. ವಾಡಿಕೆಯಂತೆ 'ಡಿಸ್ಕ್' ಗ್ರೂಪ್ ಹಾಕುವವರೇ ಜಾಸ್ತಿ. ಆ ಗ್ರೂಪಿನವರಿಗೆ ಹಾರ್ಡ್‌ಡಿಸ್ಕನ್ನು ಫೈಲ್ ಸಿಸ್ಟಮ್ ದಾಟಿ ನೇರವಾಗಿ ಓದುವ ಅವಕಾಶ ಸಿಗುತ್ತದೆ. ಡಂಪ್ ಪ್ರೋಗ್ರಾಂ ಬಳಸುವವರಿಗೆ ಅದು ಬೇಕು. ನಾವು ಬಳಸುವುದು ಫೈಲುಗಳನ್ನು ಒಂದೊಂದಾಗಿ ಓದಿ ಒಂದೇ ಕಟ್ಟು ಮಾಡುವ ಗ್ನೂ ಟಾರ್, ನಮಗೆ ಬೇಡ. ಹಾಗಾಗಿ ಬೇರೆಯೇ ಗ್ರೂಪ್ ಮಾಡಿ, ಸರ್ವರ್‌ನಲ್ಲಿ ಮಾತ್ರ ಆ ಯೂಸರ್‌ನನ್ನು 'ಟೇಪ್' ಗ್ರೂಪಿಗೂ ಸೇರಿಸಿದೆವು. ಇಷ್ಟಕ್ಕೇ ಎರಡು ಕಟಿಂಗ್ ಚಹಾ ಮುಗಿದಿತ್ತು.

ಮುಂದಿನದು ಪೋರ್ಟ್, ಅಂದರೆ ನೆಟ್‌ವರ್ಕಿನಲ್ಲಿ ಪ್ರೋಗ್ರಾಂಗಳು ಮಾತಾಡುವ ನಂಬರಿನ ಬಾಗಿಲು. ಯುಡಿಪಿ, ಟಿಸಿಪಿ ಎಂದು ಮಾತಾಡುವ ರೀತಿ ಎರಡು. ಆಮಂಡಾದ ಹಳೆಯ ಪದ್ಧತಿಯಲ್ಲಿ ಮಾತುಕತೆ ಯುಡಿಪಿ 10080ರಲ್ಲಿ ನಡೆದು, ಡೇಟಾ ಬೇರೆ ಟಿಸಿಪಿ ಪೋರ್ಟ್‌ಗಳಲ್ಲಿ ಬರುತ್ತದೆ. ನಡುವೆ ಬೇಡದ ಪೋರ್ಟ್ ಮುಚ್ಚುವ ಫೈರ್‌ವಾಲ್ ಇದ್ದರೆ ಇಂತಿಂಥ ಪೋರ್ಟ್‌ಗಳ ಒಳಗೇ ಓಡಾಡು ಅಂತ ಬಿಲ್ಡ್ ಮಾಡುವಾಗ ಯುಡಿಪಿಗೊಂದು, ಟಿಸಿಪಿಗೊಂದು ರೇಂಜ್ ಕೊಡಬಹುದು. ಯುಡಿಪಿಯದು 1024ಕ್ಕಿಂತ ಕೆಳಗಿರಬೇಕು, ಡೇಟಾದ ಟಿಸಿಪಿಯದು ಮೇಲಿರಬೇಕು. ನಮ್ಮ ಡ್ರಾಯಿಂಗ್ ವಿಭಾಗಕ್ಕೂ ಸರ್ವರ್ ರೂಮಿಗೂ ಮಧ್ಯೆ ಫೈರ್‌ವಾಲ್ ಇದೆ. ಅದರ ಕೀಲಿ ಹೊರಗಿನ ಕಾಂಟ್ರಾಕ್ಟರ್ ಕೈಯಲ್ಲಿ. ಆತನಿಗೆ ಫೋನ್ ಮಾಡಿ ರೇಂಜ್ ಎಂದ ಕೂಡಲೇ ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು. ಫಾರ್ಮ್ ಕಳಿಸಿ, ಸೋಮವಾರ ನೋಡೋಣ, ಯಾರ ಅಪ್ರೂವಲ್ ಇದೆ, ಇತ್ಯಾದಿ.

ಬಿಎಸ್‌ಡಿಟಿಸಿಪಿ ಎಂಬ ಹೊಸ ಪದ್ಧತಿಯಲ್ಲಿ ಎಲ್ಲವೂ ಟಿಸಿಪಿ 10080 ಒಂದರಲ್ಲೇ ಹೋಗುತ್ತದೆ. ಅದಕ್ಕೆ ಬೇಕಾದ ಆಪ್ಷನ್ ಸೇರಿಸಿ ಬಿಲ್ಡ್ ಮಾಡಬೇಕು. ಕರೆ ಮಾಡುವ ಕಡೆಯ ಪೋರ್ಟ್ 1024ಕ್ಕಿಂತ ಕೆಳಗಿನದಾಗಿರಬೇಕು, ಇಲ್ಲವಾದರೆ ಕ್ಲೈಂಟ್ ಒಪ್ಪುವುದಿಲ್ಲ. ಫೈಲ್ ವಾಪಸ್ ತರುವಾಗ ಕರೆ ಕ್ಲೈಂಟ್‌ನಿಂದ ಹೊರಡುತ್ತದೆ, ಹಾಗಾಗಿ 10080 ಎರಡೂ ದಿಕ್ಕಿನಲ್ಲಿ ತೆರೆದಿರಬೇಕು. ಇದನ್ನು ಹೇಳಿದಾಗ ಆತ "ಏಕ್ ಹೀ ಪೋರ್ಟ್? ಚಲೇಗಾ" ಎಂದು ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟ. ನನ್ನ ಮಟ್ಟಿಗೆ ಇಂಥ ಆಪ್ಷನ್ ಆರಿಸುವಾಗ ತಾಂತ್ರಿಕವಾಗಿ ಯಾವುದು ಚೆಂದ ಎನ್ನುವುದಕ್ಕಿಂತ, ಬೀಗದ ಕೈ ಹಿಡಿದವನು ಯಾವುದಕ್ಕೆ ಬೇಗ ಹ್ಞೂಂ ಅನ್ನುತ್ತಾನೆ ಎನ್ನುವುದೇ ದೊಡ್ಡದು.

ಟೇಪ್ ಡಿವೈಸ್ ಆಪ್ಷನ್‌ಗೆ ಚರ್ಚೆಯೇ ಬೇಕಿರಲಿಲ್ಲ. ಲಿನಕ್ಸ್‌ನಲ್ಲಿ ಒಂದೇ ಡ್ರೈವ್ ಎರಡು ಹೆಸರಲ್ಲಿ ಕಾಣುತ್ತದೆ. ಎಸ್‌ಟಿ0 ಎಂದು ತೆರೆದರೆ ಮುಚ್ಚಿದ ತಕ್ಷಣ ಟೇಪ್ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್‌ಎಸ್‌ಟಿ0 ಎಂದು ತೆರೆದರೆ ಬಿಟ್ಟಲ್ಲೇ ನಿಲ್ಲುತ್ತದೆ. ಆಮಂಡಾಗೆ ಎರಡನೆಯದೇ ಬೇಕು, ಇಲ್ಲದಿದ್ದರೆ ಒಂದು ಮಷೀನಿನ ಡೇಟಾ ಮೇಲೆ ಇನ್ನೊಂದರದ್ದು ಕೂರುತ್ತದೆ. ಕಾನ್ಫಿಗ್ ಹೆಸರು, ಸರ್ವರ್ ಹೆಸರು ಕೂಡ ಬಿಲ್ಡ್‌ನಲ್ಲೇ ಕೊಟ್ಟೆವು. ನಂತರ ಫೈಲ್ ವಾಪಸ್ ತರುವವರು ಅಮ್‌ರಿಕವರ್ ಅಂತ ಟೈಪ್ ಮಾಡಿದರೆ ಸಾಕು, ಸರ್ವರ್ ಎಲ್ಲಿದೆ ಅಂತ ಹೇಳಬೇಕಿಲ್ಲ. ಇಂಥವನ್ನೆಲ್ಲ ಆಮೇಲೂ ಬದಲಿಸಬಹುದು. ಯೂಸರ್ ಹೆಸರು ಮಾತ್ರ ಪ್ರೋಗ್ರಾಂ ಒಳಗೇ ಕೂತುಬಿಡುತ್ತದೆ, ಬೇರೆ ಬೇಕೆಂದರೆ ಮತ್ತೆ ಬಿಲ್ಡ್ ಮಾಡಬೇಕು. ಬೆಳಗಿನ ಅಷ್ಟು ಹೊತ್ತು ಅದಕ್ಕೇ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ.

ಡ್ರಾಯಿಂಗ್ ಮಷೀನ್‌ಗಳಿಗೆ ಸರ್ವರ್ ಭಾಗ ಬೇಡ ಎನ್ನುವ ಆಪ್ಷನ್ ಹಾಕಿ ಕ್ಲೈಂಟ್ ಮಾತ್ರ ಬಿಲ್ಡ್ ಮಾಡಿದೆವು. ಗ್ನೂ ಟಾರ್ ಎಲ್ಲಿದೆ, ಅದು ಬದಲಾದದ್ದನ್ನು ಮಾತ್ರ ತೆಗೆಯುವ ಇಂಕ್ರಿಮೆಂಟಲ್ ಬ್ಯಾಕಪ್ಪಿಗೆ ಬೇಕಾದ ಪಟ್ಟಿಗಳನ್ನು ಎಲ್ಲಿ ಇಡಬೇಕು ಎನ್ನುವುದನ್ನೂ ಎಲ್ಲ ಕಡೆ ಒಂದೇ ರೀತಿ ಕೊಟ್ಟೆವು. ಆ ಪಟ್ಟಿಯ ಫೋಲ್ಡರನ್ನು ಯಾರಾದರೂ ಕಸ ಅಂತ ಅಳಿಸಿದರೆ ನಿನ್ನೆಯಿಂದ ಏನು ಬದಲಾಗಿದೆ ಅಂತ ಟಾರ್‌ಗೆ ಗೊತ್ತಾಗುವುದಿಲ್ಲ.

ಆಮೇಲೆ ಅಮ್‌ಟೇಪ್‌ಟೈಪ್ ಓಡಿಸಿ ಊಟಕ್ಕೆ ಹೋದೆವು. ಟೇಪ್ ಎಷ್ಟು ಹಿಡಿಯುತ್ತದೆ, ಎಷ್ಟು ವೇಗ ಅಂತ ಅದು ಪೂರ್ತಿ ಟೇಪ್ ಬರೆದೇ ಅಳೆಯುತ್ತದೆ. ಎಲ್‌ಟಿಒ-4ರ ವೇಗ ಸೆಕೆಂಡಿಗೆ 120 ಎಂಬಿ. 800 ಜಿಬಿ ಮುಗಿಯಲು ಸುಮಾರು ಎರಡು ಗಂಟೆ. ಹತ್ತಿರದ ಉಡುಪಿ ಹೋಟೆಲಿನಲ್ಲಿ ಊಟ ಮುಗಿಸಿ ಬಂದರೂ ಡ್ರೈವ್ ಇನ್ನೂ ಗುಂಯ್ ಅನ್ನುತ್ತಿತ್ತು.

ಈ 120 ಎಂಬಿಯೇ ಇನ್ನೊಂದು ತಲೆನೋವು. ನಮ್ಮ ಗಿಗಾಬಿಟ್ ನೆಟ್‌ವರ್ಕ್ ಎಷ್ಟೇ ಚೆನ್ನಾಗಿ ಓಡಿದರೂ 110ರ ಆಸುಪಾಸು. ಹಳೆಯ ಮಷೀನ್‌ಗಳಿಂದ ಅದರ ಅರ್ಧವೂ ಬರುವುದಿಲ್ಲ. ಡೇಟಾ ಸಾಲದಿದ್ದಾಗ ಡ್ರೈವ್ ಸ್ವಲ್ಪ ಮಟ್ಟಿಗೆ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಕಡಿಮೆಯಾದರೆ ನಿಲ್ಲುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಮುಂದೆ ಬರುತ್ತದೆ. ಘಾಟ್‌ಕೋಪರ್ ಸ್ಟೇಷನ್ನಿನಲ್ಲಿ ಬೂಟ್ ಪಾಲಿಶ್‌ನವನ ಕೈಯಲ್ಲಿ ಬಟ್ಟೆ ಹಿಂದೆ ಮುಂದೆ ಆಡುತ್ತದಲ್ಲ, ಹಾಗೆ. ಈ ಕಸುಬಿನವರೂ ಅದನ್ನು ಶೂ-ಶೈನಿಂಗ್ ಅಂತಲೇ ಕರೆಯುತ್ತಾರೆ. ಟೇಪೂ ಸವೆಯುತ್ತದೆ, ಡ್ರೈವೂ ಸವೆಯುತ್ತದೆ. ಸೆಕೆಂಡ್ ಹ್ಯಾಂಡ್ ಡ್ರೈವಿಗೆ ಇದು ಆಗಬಾರದು. ಆಮಂಡಾದಲ್ಲಿ ಇದಕ್ಕೆ ಹೋಲ್ಡಿಂಗ್ ಡಿಸ್ಕ್ ಎಂಬ ಒಳ್ಳೆಯ ಏರ್ಪಾಡಿದೆ. ಡೇಟಾ ಮೊದಲು ಸರ್ವರ್‌ನ ಡಿಸ್ಕಿನಲ್ಲಿ ಸೇರುತ್ತದೆ, ಅಲ್ಲಿಂದ ಒಂದೇ ಓಟದಲ್ಲಿ ಟೇಪಿಗೆ. ರಾತ್ರಿ ಯಾರೋ ಟೇಪ್ ಹಾಕುವುದನ್ನು ಮರೆತರೂ ಬ್ಯಾಕಪ್ ಡಿಸ್ಕಿನಲ್ಲೇ ಕಾಯುತ್ತದೆ, ಬೆಳಿಗ್ಗೆ ಬಂದು ಅಮ್‌ಫ್ಲಶ್ ಮಾಡಿದರಾಯಿತು. ನನಗೆ ಈ ಸಾಫ್ಟ್‌ವೇರ್ ಇಷ್ಟವಾಗಲು ಇದೊಂದೇ ಸಾಕು.

ಮಧ್ಯಾಹ್ನ ಹುಡುಗ ಸಮಯ ಉಳಿಸಲು ಬಿಲ್ಡ್ ಆದ ಫೋಲ್ಡರನ್ನೇ ಉಳಿದ ಮಷೀನ್‌ಗಳಿಗೆ ಕಾಪಿ ಮಾಡಿದ. ಎಲ್ಲ ಸರಿಯಿದೆಯೇ ಅಂತ ನೋಡುವ ಅಮ್‌ಚೆಕ್ ಓಡಿಸಿದರೆ ರನ್‌ಟಾರ್ ಸೆಟ್‌ಯೂಐಡಿ ರೂಟ್ ಅಲ್ಲ ಅಂತ ಸಾಲು ಸಾಲು ದೂರು. ಸುಮ್ನೆ ಕಾಪಿ ಮಾಡಿದರೆ ಆ ವಿಶೇಷ ಅಧಿಕಾರದ ಗುರುತು ಜೊತೆಗೆ ಬರುವುದಿಲ್ಲ. ಪ್ರತಿ ಮಷೀನಿನಲ್ಲೂ ರೂಟ್ ಆಗಿ ಮೇಕ್ ಇನ್‌ಸ್ಟಾಲ್ ಎಂಬ ಕಮಾಂಡ್ ಕೊಟ್ಟರೆ ಮಾಲೀಕತ್ವ, ಅನುಮತಿ ಎಲ್ಲವನ್ನೂ ಅದೇ ಸರಿಯಾಗಿ ಹಾಕುತ್ತದೆ. "ಇನ್ನೊಮ್ಮೆ ಎಲ್ಲಾ ಕಡಿ ಹೋಗಬೇಕೇನ್ರಿ?" ಅಂತ ಮುಖ ಸಪ್ಪೆ ಮಾಡಿದ. ಹೋದ, ಪಾಪ.

ಅಕೌಂಟ್ಸ್‌ನ ಅಕ್ಕ ಕಾರ್ಕಳದವರು. ಅವರ ವಿಂಡೋಸ್ ಮಷೀನಿನ ಫೈಲುಗಳನ್ನು, ಲಿನಕ್ಸಿನಿಂದ ವಿಂಡೋಸ್ ಫೋಲ್ಡರ್ ಓದುವ ಎಸ್‌ಎಂಬಿ‌ಕ್ಲೈಂಟ್ ಮೂಲಕ ತೆಗೆದುಕೊಳ್ಳಲು ಅದರ ಜಾಗವನ್ನೂ ಬಿಲ್ಡ್‌ನಲ್ಲಿ ತೋರಿಸಿದ್ದೆವು. ಆದರೆ ಅದಕ್ಕೆ ಪಾಸ್‌ವರ್ಡನ್ನು ಆಮಂಡಾಪಾಸ್ ಎಂಬ ಫೈಲಿನಲ್ಲಿ ಹಾಗೇ ಬರೆದಿಡಬೇಕು. "ನನ್ನ ಪಾಸ್‌ವರ್ಡ್ ಬರೆದಿಡುದಾ? ಎಂತ ಕತೆ ಇದು? ಆಗುದಿಲ್ಲ" ಎಂದರು ಅಕ್ಕ. ಅವರು ಹೇಳಿದ್ದೇ ಸರಿ. ಬ್ಯಾಕಪ್ಪಿಗೇ ಬೇರೊಂದು ಯೂಸರ್ ಮಾಡುವುದು, ಫೈಲನ್ನು ಆಮಂಡಾಬ್ಯಾಕಪ್ ಬಿಟ್ಟು ಬೇರೆ ಯಾರೂ ಓದದ ಹಾಗೆ ಮಾಡುವುದು ಅಂತಾಯಿತು.

ಸಂಜೆ ಚಿಕ್ಕದೊಂದು ಬ್ಯಾಕಪ್ ಟೇಪಿಗೆ ಹೋಯಿತು. ಅಮ್‌ಚೆಕ್ ಸುಮ್ಮನಿತ್ತು, ಮೇಲ್ ರಿಪೋರ್ಟ್ ಬಂತು. ನಾನು ಬ್ಯಾಗ್ ತೆಗೆದುಕೊಳ್ಳುವ ಹೊತ್ತಿಗೆ ರಾಯರು ಕೇಳಿದರು. "ಅಲ್ಲ, ನೀನು ಕೆಲಸ ಬಿಟ್ಟು ಹೋದೆ. ಈ ಆಮಂಡಾನೂ ಇಲ್ಲ. ಟೇಪ್ ಮಾತ್ರ ಉಂಟು. ಯಾರು ಓದ್ತಾರೆ?"

ಇದಕ್ಕೆ ಉತ್ತರ ಬಾಯಲ್ಲಿ ಹೇಳಿದರೆ ಅವರು ನಂಬುವವರಲ್ಲ. ಆಮಂಡಾ ಇಲ್ಲದ ಒಂದು ಹಳೆಯ ಲಿನಕ್ಸ್ ಡಬ್ಬಕ್ಕೆ ಡ್ರೈವ್ ಜೋಡಿಸಿದೆವು. ಟೇಪನ್ನು ಹಿಂದೆ ಮುಂದೆ ಸರಿಸುವ ಎಂಟಿ ಕಮಾಂಡಿನಿಂದ ಮೊದಲಿನ ಲೇಬಲ್ ದಾಟಿ, ಇದ್ದದ್ದನ್ನು ಇದ್ದಂತೆ ನಕಲಿಸುವ ಡಿಡಿಯಿಂದ 32 ಕೆಬಿಯ ಒಂದು ಬ್ಲಾಕ್ ಓದಿದೆವು. ಸ್ಕ್ರೀನಿನ ಮೇಲೆ ಸಾದಾ ಅಕ್ಷರದಲ್ಲಿ ಯಾವ ಮಷೀನು, ಯಾವ ಫೋಲ್ಡರು, ಯಾವ ತಾರೀಖು ಎಲ್ಲ ಬಂತು. ಅದರ ಕೆಳಗೆ, ಈ ಡೇಟಾ ಬಿಚ್ಚಲು ಯಾವ ಕಮಾಂಡ್ ಕೊಡಬೇಕು ಎನ್ನುವುದೂ ಇತ್ತು. ಟೇಪೇ ತನ್ನನ್ನು ಓದುವುದು ಹೇಗೆ ಅಂತ ಹೇಳುತ್ತದೆ. ರಾಯರು ಕನ್ನಡಕ ಏರಿಸಿಕೊಂಡು ಅದನ್ನು ನಿಧಾನವಾಗಿ ಓದಿದರು. ಹುಡುಗನಿಗೆ ಅಲ್ಲಿ ಬರೆದಂತೆಯೇ ಟೈಪ್ ಮಾಡಲು ಹೇಳಿದರು. ಡಿಡಿ, ಜಿಜಿಪ್, ಟಾರ್. ಯಾವುದೋ ಕಟ್ಟಡದ ಕಾಲಮ್ ಡ್ರಾಯಿಂಗ್ ತೆರೆದುಕೊಂಡಿತು.

"ಆ ಕಾನ್ಫಿಗರ್ ಸಾಲನ್ನೂ ಪ್ರಿಂಟ್ ತೆಗೆ" ಎಂದರು. ಆಮಂಡಾದ ಅಮ್‌ಅಡ್ಮಿನ್ ಕಮಾಂಡಿಗೆ ವರ್ಷನ್ ಕೇಳಿದರೆ ಯಾವ ಆಪ್ಷನ್‌ನೊಂದಿಗೆ ಬಿಲ್ಡ್ ಆಗಿದೆ ಅಂತ ಪೂರ್ತಿ ಹೇಳುತ್ತದೆ. ಅದರ ಪ್ರಿಂಟ್ ಈಗ ಟೇಪ್ ಕಪಾಟಿನ ಬಾಗಿಲ ಒಳಗೆ ಅಂಟಿಕೊಂಡಿದೆ. ಅಕ್ಕನ ವಿಂಡೋಸ್ ಮಷೀನು ಇನ್ನೂ ಬಾಕಿ. ಸಾಹೇಬರಿಗೆ ಈಗ ಪುಣೆಯ ಬ್ರಾಂಚನ್ನೂ ಇದೇ ಟೇಪಿಗೆ ಸೇರಿಸುವ ಆಸೆ. ಅಲ್ಲಿನ ಫೈರ್‌ವಾಲ್ ಯಾರ ಕೈಯಲ್ಲಿದೆ ಅಂತ ಮೊದಲು ವಿಚಾರಿಸಲು ಹುಡುಗನಿಗೆ ಹೇಳಿದ್ದೇನೆ.