ಕೈ ಸುಟ್ಟುಕೊಂಡವರು

21 ಆಗಸ್ಟ್ 2025, ಗುರುವಾರ

ಅಮ್ಮನ ಬಲಗೈಯ ಬ್ಯಾಂಡೇಜನ್ನು ಇಂದು ನಾನೇ ಬದಲಿಸಿದೆ. ಒಗ್ಗರಣೆಯ ಎಣ್ಣೆ ಸಿಡಿದು ಆರು ದಿನವಾಯಿತು. ಹೆಬ್ಬೆರಳ ಬುಡದಲ್ಲಿ ಇನ್ನೂ ಹಸಿ ಇದೆ. ನನ್ನ ಕೈ ನಡುಗುತ್ತಿತ್ತು. ಅವಳು ನೋವು ತೋರಗೊಡದೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಗೋಡೆಯ ಮೇಲೆ ನನ್ನ ಹಾಸ್ಟೆಲ್ ದಿನಗಳ ಆ ಪೋಸ್ಟರ್: ಸೂಟು ತೊಟ್ಟ ಇಬ್ಬರು ಕೈ ಕುಲುಕುತ್ತಿದ್ದಾರೆ, ಅವರಲ್ಲಿ ಒಬ್ಬನ ಮೈಗೆ ಬೆಂಕಿ ಹತ್ತಿದೆ.

"ಅವನಿಗೆ ನಿಜವಾಗಿ ಬೆಂಕಿ ಹತ್ತಿತ್ತೇ?" ಇಷ್ಟು ವರ್ಷಗಳಲ್ಲಿ ಇಂದೇ ಮೊದಲು ಕೇಳಿದಳು.

ಹತ್ತಿತ್ತು ಎಂದೆ. ಅವನು ಈ ತಿಂಗಳ 12ರಂದು ತೀರಿಕೊಂಡ, 88 ವರ್ಷವಾಗಿತ್ತು ಎಂದೂ ಹೇಳಿದೆ. ರಾನಿ ರಾಂಡೆಲ್, ಹಾಲಿವುಡ್‌ನ ಸಾಹಸ ಕಲಾವಿದ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ನಾಲ್ವರ ಹೆಸರನ್ನು ನಿದ್ದೆಯಲ್ಲೂ ಹೇಳಬಲ್ಲ ನನಗೆ, ಅವರ 'ವಿಶ್ ಯು ವರ್ ಹಿಯರ್' ಆಲ್ಬಮ್ಮಿನ ಹೊದಿಕೆಗಾಗಿ ಮೈಗೆ ಬೆಂಕಿ ಹಚ್ಚಿಕೊಂಡವನ ಹೆಸರು ಅವನ ಸಾವಿನ ಸುದ್ದಿಯಲ್ಲಿ ತಿಳಿಯಿತು. ಅದು ಮನಸ್ಸನ್ನು ಕೊರೆಯುತ್ತಿದೆ.

"ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?"

ಸೌದೆ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದವಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಗಾಳಿಯೇ ಅಂದು ಅವನಿಗೆ ಎದುರಾದದ್ದು. ಲಾಸ್ ಏಂಜಲೀಸ್ ಬಳಿಯ ಬರ್ಬ್ಯಾಂಕ್‌ನ ಸ್ಟುಡಿಯೋ ಆವರಣದಲ್ಲಿ, ಬೆಂಕಿ ತಡೆಯುವ ಉಡುಪಿನ ಮೇಲೆ ಸೂಟು ತೊಟ್ಟು, ತಲೆಗೆ ವಿಗ್ ಹಾಕಿಕೊಂಡು ನಿಂತಿದ್ದ. ಗಾಳಿ ಜ್ವಾಲೆಯನ್ನು ಮುಖಕ್ಕೇ ತಳ್ಳಿತು, ಮೀಸೆ ಸುಟ್ಟಿತು. ಕೊನೆಗೆ ಇಬ್ಬರೂ ಜಾಗ ಬದಲಿಸಿ ನಿಂತರು, ಆಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿದರು. ಕ್ಯಾಮೆರಾ ಹಿಡಿದವರು ಆಲ್ಬಮ್ ಹೊದಿಕೆಗಳನ್ನು ವಿನ್ಯಾಸ ಮಾಡುತ್ತಿದ್ದ ಹಿಪ್ನಾಸಿಸ್ ಸಂಸ್ಥೆಯ ಆಬ್ರಿ ಪವೆಲ್. ಅವರ ಜೊತೆಗಾರ ಸ್ಟಾರ್ಮ್ ಥಾರ್ಗರ್ಸನ್.

ಅಷ್ಟೆಲ್ಲ ಮಾಡಿ, 1975ರ ಸೆಪ್ಟೆಂಬರ್‌ನಲ್ಲಿ ಆಲ್ಬಮ್ ಅಂಗಡಿಗೆ ಬಂದಾಗ ಆ ಚಿತ್ರ ಕಪ್ಪು ಪ್ಲಾಸ್ಟಿಕ್ಕಿನ ಒಳಗಿತ್ತು. ಮೇಲೆ ಕಾಣುತ್ತಿದ್ದುದು ಜಾರ್ಜ್ ಹಾರ್ಡಿ ಬರೆದ, ಎರಡು ಯಂತ್ರದ ಕೈಗಳು ಕುಲುಕುವ ಚೀಟಿ ಮಾತ್ರ. ಇಡೀ ಆಲ್ಬಮ್ ಇಲ್ಲದಿರುವಿಕೆಯ ಬಗ್ಗೆಯೇ ಆದ್ದರಿಂದ ಹೊದಿಕೆಯೂ ಕಣ್ಣಿಗೆ ಬೀಳದಿರಲಿ ಎಂದು.

"ಮೈ ಸುಟ್ಟುಕೊಂಡದ್ದನ್ನೂ ಮುಚ್ಚಿಟ್ಟರೇ?" ಅಮ್ಮ ಪೂರ್ತಿ ನನ್ನ ಕಡೆ ತಿರುಗಿದಳು.

ಸಂಗೀತದ ವ್ಯಾಪಾರದಲ್ಲಿ ಮೋಸಹೋದವರನ್ನು ಇಂಗ್ಲಿಷಿನವರೂ ಸುಟ್ಟುಕೊಂಡವರೆಂದೇ ಕರೆಯುತ್ತಾರೆ, ಚಿತ್ರ ಹುಟ್ಟಿದ್ದು ಆ ಮಾತಿನಿಂದ ಎಂದು ವಿವರಿಸಲು ಹೊರಟೆ. ಅವಳಿಗೆ ವಿವರಣೆ ಬೇಕಿರಲಿಲ್ಲ. "ನಿಮ್ಮ ಅಪ್ಪನೂ ಹೀಗೆಯೇ ಕೈ ಕುಲುಕಿ ಬಂದಿದ್ದರು. ಮನೆಗೆ ಬಂದು ಕಾಫಿ ಕೇಳಿದರು. ಕೈ ಸುಟ್ಟುಕೊಂಡದ್ದು ನನಗೆ ತಿಳಿದಾಗ ಆರು ತಿಂಗಳಾಗಿತ್ತು."

ಅಂಗಡಿ ಪಾಲುದಾರಿಕೆಯ ಆ ಕಥೆಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಹತ್ತಿಯನ್ನು ಮಡಚುತ್ತಾ ಕುಳಿತೆ.

ರಾತ್ರಿ ಹಾಡು ಹಾಕಲಿಲ್ಲ. ಹಿಂದೆ ತಂಡದಲ್ಲಿದ್ದು ಹೊರಬಿದ್ದಿದ್ದ ಸಿಡ್ ಬ್ಯಾರೆಟ್ 1975ರ ಜೂನ್‌ನಲ್ಲಿ ತಲೆ, ಹುಬ್ಬು ಬೋಳಿಸಿಕೊಂಡು ಅವರು ಧ್ವನಿಮುದ್ರಣ ಮಾಡುತ್ತಿದ್ದ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಬಂದು ನಿಂತಾಗ ಹಳೆಯ ಗೆಳೆಯರಿಗೇ ಗುರುತು ಸಿಗಲಿಲ್ಲವಂತೆ. ಅವನ ಗೈರುಹಾಜರಿಯನ್ನೇ ಅವರು ಹಾಡಾಗಿಸುತ್ತಿದ್ದರು. ರಾಂಡೆಲ್‌ನ ಮಗ ರೀಡ್ ಕೂಡ ಸಾಹಸ ಕಲಾವಿದ. 1985ರಲ್ಲಿ ಧಾರಾವಾಹಿಯೊಂದರ ಚಿತ್ರೀಕರಣದಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತ. ಈ ಸಾಲು ಓದಿದ ಮೇಲೆ ಪೋಸ್ಟರಿನತ್ತ ನೋಡಲಾಗುತ್ತಿಲ್ಲ. ಬೆಂಕಿಯನ್ನು ಅಷ್ಟು ಅಳತೆಯಿಟ್ಟು ಮೈಮೇಲೆ ಎಳೆದುಕೊಂಡವನಿಗೆ...

ಮಲಗುವ ಮುನ್ನ ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಎದುರಿಗಿದ್ದವನು ಯಾರು? ಅವನು ಕೈ ಬಿಡಲಿಲ್ಲವಲ್ಲ."

ಡ್ಯಾನಿ ರಾಜರ್ಸ್ ಎಂದೆ. ಅವನ ಬಗ್ಗೆ ಹುಡುಕಬೇಕು. ಅಪ್ಪನ ಪಾಲುದಾರರ ಹೆಸರನ್ನೂ ನಾನು ಇದುವರೆಗೆ ಕೇಳಿಲ್ಲ, ನಾಳೆ ಬ್ಯಾಂಡೇಜ್ ಬಿಚ್ಚುವಾಗ