ಬರೀ ಟೆನ್ಷನ್‌ಗೆ ನರ್ಸ್ ಯಾಕೆ?

ಮೊನ್ನೆ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯ ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು: "ಅಲ್ಲಮ್ಮ, ಐಸಿಯು ನರ್ಸು ಅಂದ್ರೆ ಅರ್ಥ ಆಗುತ್ತೆ. ಹೆರಿಗೆ ವಾರ್ಡು ಅಂದ್ರೂ ಅರ್ಥ ಆಗುತ್ತೆ. ಬರೀ ಟೆನ್ಷನ್ ಆದೋರಿಗೆ ನರ್ಸ್ ಏನ್ ಮಾಡ್ತಾರೆ? ಧೈರ್ಯ ಹೇಳೋದಾ?"

ಮನೋರೋಗ ವಾರ್ಡಿಗೆ ಬಂದು ಐದು ವರ್ಷ ಆಗುತ್ತಾ ಬಂತು. ಈ ಪ್ರಶ್ನೆಗೆ ಮದುವೆ ಮನೆಯಲ್ಲಿ ಉತ್ತರ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ, ಒಮ್ಮೆ ಮೂಳೆ ವಿಭಾಗದ ಡಾಕ್ಟರೊಬ್ಬರಿಗೂ ಹೇಳಿದ್ದೇನೆ. ಸಾಕಾಗಿದೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ, ಓದಿಕೊಳ್ಳಿ.

ಮೊದಲು ಆ 'ಬರೀ' ವಿಚಾರ. ಬರೀ ಸಕ್ಕರೆ ಕಾಯಿಲೆ, ಬರೀ ಕಾಲು ಮುರಿದಿದೆ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಗಾಬರಿ ಕಾಯಿಲೆಗೆ ಮಾತ್ರ ಅದು ಅಂಟಿಕೊಂಡೇ ಬರುತ್ತದೆ. ಎದೆ ಹೊಡೆದುಕೊಳ್ಳುತ್ತಾ ಕ್ಯಾಶುವಾಲ್ಟಿಗೆ ಓಡಿಬಂದವರಿಗೆ ಇಸಿಜಿ ಮಾಡಿ "ಏನೂ ಇಲ್ಲ, ಬರೀ ಗಾಬರಿ, ಮನೆಗೆ ಹೋಗಿ" ಅನ್ನುತ್ತಾರೆ. ಏನೂ ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಆಟೋದವರಿಗೆ ಡಬಲ್ ಕೊಟ್ಟು ಅವರೇಕೆ ಬರುತ್ತಿದ್ದರು?

ಇನ್ನು ಧೈರ್ಯ. ನಮ್ಮ ಹತ್ತಿರ ಬರುವಷ್ಟರಲ್ಲಿ ಪೇಷೆಂಟಿಗೆ ಧೈರ್ಯ ಹೇಳದವರು ಯಾರೂ ಉಳಿದಿರುವುದಿಲ್ಲ. ಅತ್ತೆ ಹೇಳಿರುತ್ತಾರೆ, ಆ ಆಟೋದವರೂ ಹೇಳಿರುತ್ತಾರೆ, ಗ್ಯಾಸ್ ಇರಬೇಕು ಅಂತ ಇನೋ ಕೊಟ್ಟ ಮೆಡಿಕಲ್ ಶಾಪಿನ ಹುಡುಗ ಹೇಳಿರುತ್ತಾನೆ, ತಾಯತ ಕಟ್ಟಿದವರು ದಕ್ಷಿಣೆ ತಗೊಂಡು ಹೇಳಿರುತ್ತಾರೆ. ಧೈರ್ಯ ಹೇಳಿದರೆ ವಾಸಿಯಾಗುವಂತಿದ್ದರೆ ನಮ್ಮ ವಾರ್ಡಿಗೆ ಎಂದೋ ಬೀಗ ಬೀಳುತ್ತಿತ್ತು.

2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದರಲ್ಲ. 46 ವರ್ಷ. ಅಷ್ಟು ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ ನಮ್ಮ ಗತಿಯೇನು ಅಂತ ಜನ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. (2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದಾಗಲೂ ಅದೇ ಕಥೆ.) ಪುನೀತ್ ಹೋದಾಗ ನಾನು ಮೆಡಿಕಲ್ ವಾರ್ಡಿನಿಂದ ಇಲ್ಲಿಗೆ ಬಂದು ಎರಡೇ ತಿಂಗಳು. ಅದರ ಮುಂದಿನ ವಾರ ದೀಪಾವಳಿ, ನನಗೆ ನೈಟ್ ಡ್ಯೂಟಿ.

ಪೇಷೆಂಟ್ ಒಬ್ಬ ಟೈಲರ್, ವಯಸ್ಸು ನಲವತ್ತರ ಒಳಗೆ. ಆರು ದಿನದಲ್ಲಿ ನಾಲ್ಕು ಇಸಿಜಿ ಆಗಿತ್ತು. ಅವನ್ನೆಲ್ಲ ಅವರ ಹೆಂಡತಿ ಸೀರೆ ಅಂಗಡಿಯ ಕವರಿನಲ್ಲಿ ಮಡಿಸಿಟ್ಟುಕೊಂಡು, ಮನೆ ಪತ್ರದ ಹಾಗೆ ಎದೆಗವಚಿಕೊಂಡಿದ್ದರು. ರಕ್ತ ಪರೀಕ್ಷೆ, ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿ ಪ್ಯಾನಿಕ್, ಅಂದರೆ ವಿಪರೀತ ಗಾಬರಿ ಅಂತ ತೀರ್ಮಾನಿಸಿ ನಮ್ಮಲ್ಲಿ ಅಡ್ಮಿಟ್ ಮಾಡಿದ್ದರು.

ಹನ್ನೊಂದರ ಸುಮಾರಿಗೆ ಹೊರಗೆ ಯಾರೋ ಆಟಂ ಬಾಂಬ್ ಹಚ್ಚಿದರು. ಮನುಷ್ಯ ದಡಕ್ಕನೆ ಎದ್ದು ಕೂತು ಕೊರೊನಾ ಮಾಸ್ಕ್ ಕಿತ್ತೆಸೆದು, "ಸಿಸ್ಟರ್, ಹೋಗ್ತಾ ಇದೀನಿ" ಅಂದರು. ನಾಯಿ ತೇಕುವಂಥ ಉಸಿರು. ನೋಡುನೋಡುತ್ತಿದ್ದಂತೆ ಎರಡೂ ಕೈಯ ಬೆರಳುಗಳು ಒಟ್ಟುಗೂಡಿ ಸೆಟೆದುಕೊಂಡವು, ಸೂಜಿಗೆ ದಾರ ಪೋಣಿಸುವಾಗ ಹಿಡಿಯುತ್ತಾರಲ್ಲ ಹಾಗೆ. "ಅಯ್ಯೋ, ಲಕ್ವ ಹೊಡೀತು" ಅಂತ ಹೆಂಡತಿ ಕಿರುಚಿದರು.

ಲಕ್ವ ಅಲ್ಲ. ಬೇಗ ಬೇಗ ಉಸಿರಾಡಿದಾಗ ಇಂಗಾಲದ ಡೈ ಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ರಕ್ತದ ಕ್ಷಾರ ಗುಣ ಏರುತ್ತದೆ. ನರಗಳಿಗೆ ಸಿಗುವ ಕ್ಯಾಲ್ಸಿಯಂ ತಗ್ಗುತ್ತದೆ. ತುಟಿ ಜುಮ್ಮೆನ್ನುವುದು, ಬೆರಳು ಸೆಟೆಯುವುದು ಅದರಿಂದಲೇ. ಇಂಥ ಹೊತ್ತಲ್ಲಿ ಸುತ್ತ ನಿಂತವರೆಲ್ಲ ಒಂದೇ ಮಾತು ಹೇಳುತ್ತಾರೆ: "ಜೋರಾಗಿ ಉಸಿರು ತಗೋ!" ಅವರು ತಗೊಂಡದ್ದೇ ಹೆಚ್ಚಾಗಿದೆ ಕಣ್ರೀ. ಹೇಳಬೇಕಾದದ್ದು "ಬಿಡಿ" ಅಂತ, ನಿಧಾನಕ್ಕೆ, ತಗೊಂಡದ್ದಕ್ಕಿಂತ ಉದ್ದಕ್ಕೆ. ಸಿನಿಮಾದಲ್ಲಿ ತೋರಿಸುವ ಹಾಗೆ ಮುಖಕ್ಕೆ ಕವರ್ ಹಿಡಿಯಲೂಬೇಡಿ. ಒಳಗೆ ನಿಜಕ್ಕೂ ಆಸ್ತಮಾವೋ ಹೃದಯದ ತೊಂದರೆಯೋ ಇದ್ದರೆ ಅದೇ ಅಪಾಯ.

ಹಿಲ್ಡೆಗಾರ್ಡ್ ಪೆಪ್ಲೌ ಅಂತ ಅಮೆರಿಕದ ನರ್ಸ್ ಒಬ್ಬರಿದ್ದರು. ಆತಂಕಕ್ಕೆ ಸೌಮ್ಯ, ಮಧ್ಯಮ, ತೀವ್ರ, ಪ್ಯಾನಿಕ್ ಅಂತ ನಾಲ್ಕು ಮೆಟ್ಟಿಲು ಹೇಳಿದವರು. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ಆ ರಾತ್ರಿ ನೆನಪಿಗೆ ಬಂತು: ನಾಲ್ಕನೇ ಮೆಟ್ಟಿಲಲ್ಲಿರುವವರ ಕಿವಿಗೆ ಉದ್ದ ಮಾತು ಇಳಿಯುವುದಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿಸಿದೆ. ನೀರು ತರಲಿ ಅಂತ ಹೆಂಡತಿಯನ್ನು ಕಳಿಸಿದೆ (ಬಾಟಲಿಯಲ್ಲಿ ನೀರಿತ್ತು, ಅವರಿಗೂ ಒಂದು ಕೆಲಸ ಬೇಕಿತ್ತು). ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂತೆ. "ನಾನಿದೀನಿ. ಇಲ್ಲೇ ಇರ್ತೀನಿ. ಉಸಿರು ಬಿಡಿ." ಇಷ್ಟೇ, ಮತ್ತೆ ಮತ್ತೆ. ಹದಿನೈದು ನಿಮಿಷಕ್ಕೆ ಬೆರಳು ಒಂದೊಂದಾಗಿ ಬಿಡಿಸಿಕೊಂಡವು.

ಇಲ್ಲಿಗೆ ಕಥೆ ನಿಲ್ಲಿಸಿದರೆ ನಾನು ಭಾರೀ ನರ್ಸ್ ಅನಿಸಿಕೊಳ್ಳುತ್ತೇನೆ. ಆದರೆ ಆಮೇಲೆ ಅವರು "ಸಿಸ್ಟರ್, ಒಂದ್ಸಲ ಬಿಪಿ ನೋಡಿ" ಅಂದರು. ನೋಡಿದೆ. ನಾರ್ಮಲ್. ಮುಖ ಅರಳಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ, "ಇನ್ನೊಂದ್ಸಲ". ಪಾಪ ಅನಿಸಿತು, ನೋಡಿದೆ. ಬೆಳಗಿನ ಐದರೊಳಗೆ ಹನ್ನೊಂದು ಸಲ. ಎಲ್ಲವನ್ನೂ ಚಾರ್ಟಿನಲ್ಲಿ ನೀಟಾಗಿ ಬರೆದು, ಎಷ್ಟು ಚೆನ್ನಾಗಿ ನೋಡಿಕೊಂಡೆ ಅಂತ ಹೆಮ್ಮೆಯಿಂದ ಹ್ಯಾಂಡೋವರ್ ಕೊಟ್ಟೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಚಾರ್ಟ್ ನೋಡಿದರು. "ಇದು ಅವರ ಗಾಬರಿನಾ, ನಿನ್ನದಾ?"

ಸಿಟ್ಟು ಬಂತು. ಮನೆಗೆ ಹೋಗಿ ಮಲಗಿದ ಮೇಲೆ ಅರ್ಥವಾಯಿತು. ನನ್ನ ಪ್ರತಿ "ನಾರ್ಮಲ್" ಅವರಿಗೆ ಇಪ್ಪತ್ತು ನಿಮಿಷದ ನೆಮ್ಮದಿ. ಆಮೇಲೆ ಅದು ಇಳಿದು ಇನ್ನೊಂದು ಬೇಕು. ಸುಮ್ಮನಿದ್ದರೂ ಗಾಬರಿ ತಾನಾಗಿ ಇಳಿಯುತ್ತದೆ ಅನ್ನುವುದನ್ನು ಅವರು ಕಲಿಯದಂತೆ ಇಡೀ ರಾತ್ರಿ ಕಾವಲು ಕಾದವಳು ನಾನು.

ಮಾರನೇ ದಿನದಿಂದ ಬಿಪಿ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಮಾತ್ರ. ನಡುವೆ ಕೇಳಿದರೆ ಕೈಗೆ ನೋಟ್‌ಬುಕ್. ಭಯ ಹತ್ತಕ್ಕೆ ಎಷ್ಟು ಬರೆಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ಬರೆಯಿರಿ. ಮೊದಲ ದಿನ 9, 9, 9, ಕೊನೆಯ ಒಂಬತ್ತಿಗೆ ಪೆನ್ನು ಹಾಳೆ ಹರಿದಿತ್ತು. ನಾಲ್ಕನೇ ದಿನ 9, 6, 3.

ಆದ್ದರಿಂದ ದೊಡ್ಡಪ್ಪ, ನೀವು ಕೇಳಬೇಕಿದ್ದದ್ದು "ಏನ್ ಮಾಡ್ತೀರಿ" ಅಂತಲ್ಲ, "ಮಾಡದೆ ಹೇಗಿರ್ತೀರಿ" ಅಂತ. ಬಿಪಿ ಮಿಷನ್ ಮೊಣಕಾಲ ಮೇಲಿದೆ, ಎದುರಿಗೆ ಕಣ್ಣಲ್ಲಿ ನೀರಿಟ್ಟುಕೊಂಡು ಮನುಷ್ಯ ಕೈ ಚಾಚಿದ್ದಾನೆ, ನೀವು "ಈಗ ಬೇಡ, ನಾನು ಕೂತಿರ್ತೀನಿ" ಅನ್ನಬೇಕು. ಒಳಗೊಳಗೆ ನಿಮಗೂ ಪುಕುಪುಕು. ಇದೊಂದು ಸಲ ನಿಜವಾಗಿದ್ದರೆ? ಗಾಬರಿಯವರಿಗೆ ಹಾರ್ಟ್ ಅಟ್ಯಾಕ್ ಆಗಬಾರದು ಅಂತ ರೂಲ್ ಏನಿಲ್ಲವಲ್ಲ. ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರಿದರೆ, ಹಿಂದಿಲ್ಲದ ಹೊಸದೇನಾದರೂ ಕಂಡರೆ ನೋಟ್‌ಬುಕ್ ಬಿಸಾಕಿ ಇಸಿಜಿಗೆ ಓಡುತ್ತೇವೆ. ಇದು ಯಾವುದು, ಅದು ಯಾವುದು ಅಂತ ಕತ್ತಲೆಯಲ್ಲಿ ಕೂತು ನೋಡುತ್ತಿರುವುದೇ ಡ್ಯೂಟಿ. ಇದಕ್ಕೆ ಸಂಬಳ ಕೊಡುತ್ತಾರೆ, ಹೌದು.

ಮಾತ್ರೆ ಡಾಕ್ಟರ್ ಬರೆಯುತ್ತಾರೆ, ನಿಜ. ಎಸಿಟಾಲೋಪ್ರಾಮ್ ಥರದ್ದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಗಾಬರಿ ಇನ್ನಷ್ಟು ಏರಲೂಬಹುದು. ಅದನ್ನು ಮೊದಲೇ ಕೂತು ಹೇಳದಿದ್ದರೆ ಮೂರನೇ ದಿನಕ್ಕೆ ಸ್ಟ್ರಿಪ್ ಕಸದ ಬುಟ್ಟಿಗೆ. ದಿನಕ್ಕೆ ಏಳು ಲೋಟ ಸ್ಟ್ರಾಂಗ್ ಕಾಫಿ ಕುಡಿದು ಎದೆ ಹಾರುತ್ತದೆ ಅನ್ನುವವರ ಕಾಫಿ ಇಳಿಸುವುದೂ ನಮ್ಮದೇ ಕೆಲಸ. (ನಾನೂ ಕುಡಿಯುತ್ತೇನೆ. ಕೇಳಬೇಡಿ.) ಮತ್ತೆ, ನಡುರಾತ್ರಿ ನನಗೆ ಮೆಸೇಜ್ ಮಾಡುವ ನೆಂಟರೇ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸರಿಯಾದ ಪ್ರಶ್ನೆ ಕೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೇ, ಆ ಟೈಲರ್ ಹೆಂಡತಿ. ಡಿಸ್ಚಾರ್ಜ್ ದಿನ ಗಂಡನನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸಿ, ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಸಿಸ್ಟರ್, 'ಏನಾಗಲ್ಲ' ಅಂತ ದಿನಕ್ಕೆ ಎಷ್ಟು ಸಲ ಹೇಳಬೋದು?"

ನಗು ಬಂತು, ಆದರೆ ಅವರು ನಗುತ್ತಿರಲಿಲ್ಲ. ಅಲ್ಲಿಯವರೆಗೆ ದಿನಕ್ಕೆ ನಲವತ್ತು ಐವತ್ತು ಸಲ ಹೇಳುತ್ತಿದ್ದರಂತೆ. ರೊಟ್ಟಿ ತಟ್ಟುವಾಗ, ಬಟ್ಟೆ ಒಗೆಯುವಾಗ, ಬಚ್ಚಲು ಮನೆಯ ಬಾಗಿಲ ಆಚೆಯಿಂದ.

"ಒಂದು," ಅಂದೆ. "ಆಮೇಲೆ ನೋಟ್‌ಬುಕ್ ಕೊಡಿ."

"ಒಂದು ತೀರಾ ಕಮ್ಮಿ ಆಯ್ತು ಸಿಸ್ಟರ್. ಎರಡು ಮಾಡಿ. ಬೆಳಿಗ್ಗೆ ಒಂದು, ರಾತ್ರಿ ಒಂದು."

ಒಪ್ಪಿಕೊಂಡೆ. ಸೀರೆ ಅಂಗಡಿಯ ಕವರಿನಿಂದ ಒಂದು ಹಳೆ ಇಸಿಜಿ ತೆಗೆದು ಹಿಂಬದಿ ನನ್ನ ಮುಂದೆ ಹಿಡಿದರು. ಬರೆದುಕೊಟ್ಟೆ: ಏನಾಗಲ್ಲ, 1–0–1. ಓದಿ ನೋಡಿ ಮಡಿಸಿಟ್ಟುಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು.

"ಊಟಕ್ಕೆ ಮುಂಚೆನಾ, ಆಮೇಲಾ?"